ಯಾವ ದುಡ್ಡು ಯಾರದ್ದು: ಸಣ್ಣ ಸಂಸ್ಥೆಯ ಲೆಕ್ಕ, ವರ್ಷದಿಂದ ವರ್ಷಕ್ಕೆ

ದುಡ್ಡು ಖಾಲಿಯಾದಾಗಲೇ ಸಣ್ಣ ಸೇವಾ ಸಂಸ್ಥೆಗೆ ಕಷ್ಟ ಬರುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಬಾಗೇಪಲ್ಲಿ ಕಡೆಯ ಸಂಸ್ಥೆಗಳ ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡು ಕೂತಾಗ ನನಗೆ ಕಂಡದ್ದು ಬೇರೆ. ಬ್ಯಾಂಕಿನಲ್ಲಿ ಮೂರು ಲಕ್ಷ ಇರುತ್ತದೆ. ಆದರೆ ಅಷ್ಟೂ ಯಾವುದೋ ಒಂದು ಯೋಜನೆಗೆ ಅಂತ ಬಂದದ್ದು. ಕಚೇರಿ ಬಾಡಿಗೆ ಕಟ್ಟಲು ಅದರಲ್ಲಿ ಒಂದು ರೂಪಾಯಿಯನ್ನೂ ಮುಟ್ಟುವ ಹಾಗಿಲ್ಲ. ಪಾಸ್‌ಬುಕ್ಕಿನಲ್ಲಿ ಎಲ್ಲ ದುಡ್ಡೂ ಒಂದೇ ಥರ ಕಾಣುವುದರಿಂದ ಇದು ಯಾರ ಗಮನಕ್ಕೂ ಬರುವುದಿಲ್ಲ. ಬರುವ ಹೊತ್ತಿಗೆ ಎರಡು ಮೂರು ವರ್ಷ ಆಗಿರುತ್ತದೆ.

ವರ್ಷಕ್ಕೆ ಎರಡು ಲಕ್ಷದಿಂದ ಇಪ್ಪತ್ತೈದು ಲಕ್ಷದವರೆಗೆ ವಹಿವಾಟು ಇರುವ ಸಂಸ್ಥೆಗಳ ಖಜಾಂಚಿ, ಕಾರ್ಯದರ್ಶಿಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ಮೊದಲೇ ಒಂದು ಮಾತು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಅಂದರೆ 2025ರ ಕಾಯ್ದೆ ಜಾರಿಗೆ ಬಂದಿದೆ. ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಆದರೂ ಆಡಿಟರ್ ಕಚೇರಿಗಳಲ್ಲಿ ಇವತ್ತಿಗೂ 12ಎ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡಿಸುವ ನೋಂದಣಿ), 80ಜಿ (ದಾನಿಗೆ ತೆರಿಗೆ ವಿನಾಯಿತಿ ಕೊಡಿಸುವ ನೋಂದಣಿ) ಅಂತಲೇ ಮಾತಾಡುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಅರ್ಜಿ ತುಂಬುವಾಗ ಹೊಸ ಸೆಕ್ಷನ್ ಯಾವುದು, ಫಾರಂ ಯಾವುದು ಅಂತ ಅವರನ್ನೇ ಕೇಳಿ.

ಶುರುವಿನಲ್ಲೇ ಸರಿ ಮಾಡಿಕೊಳ್ಳಬೇಕಾದ್ದು

ನಮ್ಮ ಕಡೆ ಹೆಚ್ಚಿನವರು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡುತ್ತಾರೆ. ಕನಿಷ್ಠ ಏಳು ಜನ ಬೇಕು. ಯಾರದೋ ಬೈಲಾ, ಅಂದರೆ ಸಂಘದ ನಿಯಮಾವಳಿ ತಂದು ಹೆಸರು ಬದಲಿಸಿ ಕೊಟ್ಟುಬಿಡುವುದು ರೂಢಿ. ಹಾಗೆ ಮಾಡಬೇಡಿ. ದುಡ್ಡಿಗೆ ಸಂಬಂಧಪಟ್ಟ ಮೂರು ವಿಷಯವನ್ನಾದರೂ ಕೂತು ಓದಿ: ಚೆಕ್ಕಿಗೆ ಯಾರು ಯಾರು ಸಹಿ ಮಾಡಬೇಕು, ಎಷ್ಟು ರೂಪಾಯಿ ಮೇಲಿನ ಖರ್ಚಿಗೆ ಕಾರ್ಯಕಾರಿ ಸಮಿತಿಯ ಠರಾವು ಬೇಕು, ಸಂಘ ಮುಚ್ಚಿದರೆ ಉಳಿದ ಆಸ್ತಿ ಎಲ್ಲಿಗೆ ಹೋಗಬೇಕು. ಉಳಿದದ್ದು ಸದಸ್ಯರಿಗೆ ಹಂಚಿಕೆಯಾಗಬಾರದು, ಅದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗಬೇಕು ಅಂತ ಸ್ಪಷ್ಟವಾಗಿ ಬರೆದಿರಬೇಕು. ಇದಿಲ್ಲದಿದ್ದರೆ 12ಎ ಅರ್ಜಿಗೆ ತಕರಾರು ಬರುತ್ತದೆ.

ಸಹಿ ಮಾಡುವ ಇಬ್ಬರು ಒಂದೇ ಮನೆಯವರಾಗಿರಬಾರದು. ಗಂಡ ಅಧ್ಯಕ್ಷ, ಹೆಂಡತಿ ಖಜಾಂಚಿ ಅಂದರೆ ಅವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ದಾನಿಗಳು ಹಿಂದೆ ಸರಿಯುತ್ತಾರೆ.

ಪ್ಯಾನ್ ಮತ್ತು ಬ್ಯಾಂಕ್ ಖಾತೆ ಆದ ತಕ್ಷಣ 12ಎ, 80ಜಿ ಎರಡಕ್ಕೂ ಅರ್ಜಿ ಹಾಕಿ. ಮೊದಲು ಸಿಗುವುದು ಮೂರು ವರ್ಷದ ತಾತ್ಕಾಲಿಕ ನೋಂದಣಿ. ಅದನ್ನು ಕಾಯಂ ಮಾಡಿಸಲು ಅವಧಿ ಮುಗಿಯುವುದಕ್ಕೆ ಆರು ತಿಂಗಳು ಮೊದಲು, ಇಲ್ಲವೇ ಕೆಲಸ ಶುರುವಾದ ಆರು ತಿಂಗಳೊಳಗೆ, ಯಾವುದು ಮೊದಲು ಬರುತ್ತದೋ ಆ ಹೊತ್ತಿಗೆ ಮತ್ತೆ ಅರ್ಜಿ ಹಾಕಬೇಕು. ಪ್ರಮಾಣಪತ್ರ ಕೈಗೆ ಬಂತು, ಇನ್ನೇನು ಅಂತ ಫೈಲಿಗೆ ಹಾಕಿ ಮರೆಯುವವರೇ ಜಾಸ್ತಿ. 12ಎ ಕೈತಪ್ಪಿದರೆ ಆ ವರ್ಷದ ಆದಾಯಕ್ಕೆ ಮಾತ್ರ ತೆರಿಗೆ ಅಂದುಕೊಳ್ಳಬೇಡಿ. ಸಂಸ್ಥೆ ಆವರೆಗೆ ಕೂಡಿಟ್ಟ ಆಸ್ತಿಯ ಮೇಲೂ ತೆರಿಗೆ ಬೀಳಬಹುದು. ವರ್ಷಕ್ಕೆ 5 ಕೋಟಿಗಿಂತ ಕಡಿಮೆ ಆದಾಯದ ಸಂಸ್ಥೆಗಳಿಗೆ 2025ರ ಏಪ್ರಿಲ್‌ನಿಂದ 12ಎ ಕಾಯಂ ನೋಂದಣಿಯ ಅವಧಿ 5ರಿಂದ 10 ವರ್ಷಕ್ಕೆ ಏರಿದೆ. 80ಜಿಗೆ ಮಾತ್ರ 5 ವರ್ಷವೇ. ಎರಡರ ಕೊನೆಯ ದಿನಾಂಕ ಬೇರೆ ಬೇರೆ ಆಗುವುದರಿಂದ ನಡಾವಳಿ ಪುಸ್ತಕದ ಮೊದಲ ಪುಟದಲ್ಲೇ ದೊಡ್ಡದಾಗಿ ಬರೆದಿಡಿ.

ದಿನದ ಲೆಕ್ಕ

ಟ್ಯಾಲಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಎಕ್ಸೆಲ್, ಅದೂ ಇಲ್ಲದಿದ್ದರೆ ಕೈಬರಹದ ನಗದು ಪುಸ್ತಕ ಸಾಕು. ಆರಂಭ ಶಿಲ್ಕು, ಜಮಾ, ಖರ್ಚು, ಆಖೈರು ಶಿಲ್ಕು. ಅವತ್ತಿನದು ಅವತ್ತೇ ಬರೆಯಬೇಕು, ಅಷ್ಟೇ.

ದುಡ್ಡು ಬಂದಾಗ ರಸೀದಿ. ದಾನಿಯ ಹೆಸರು, ವಿಳಾಸ, ಪ್ಯಾನ್, ಯಾವ ಕೆಲಸಕ್ಕೆ ಕೊಟ್ಟರು ಅನ್ನುವುದು, ಇಷ್ಟೂ ರಸೀದಿಯಲ್ಲಿ ಇರಲಿ. ಪ್ಯಾನ್ ಕೇಳಲು ಸಂಕೋಚಪಟ್ಟರೆ ಮುಂದಿನ ಮೇ ತಿಂಗಳಲ್ಲಿ ದಾನಿಗಳ ವಿವರವನ್ನು ತೆರಿಗೆ ಇಲಾಖೆಗೆ ಸಲ್ಲಿಸುವಾಗ ಒಬ್ಬೊಬ್ಬರಿಗೂ ಫೋನ್ ಮಾಡುತ್ತ ಕೂರಬೇಕಾಗುತ್ತದೆ. 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ದಾನಿಗೆ 80ಜಿ ವಿನಾಯಿತಿ ಸಿಗುವುದಿಲ್ಲ. ಇದನ್ನು ದುಡ್ಡು ತೆಗೆದುಕೊಳ್ಳುವ ಮೊದಲೇ ಹೇಳಿಬಿಡಿ. ಹುಂಡಿಯಲ್ಲಿ ಬಂದದ್ದು, ಹೆಸರು ಹೇಳದೆ ಕೊಟ್ಟದ್ದು ಬೇರೆಯೇ ಇರಲಿ. ಸೇವಾ ಸಂಸ್ಥೆಗೆ ಹೀಗೆ ಬಂದ ಹಣ 1 ಲಕ್ಷ ಅಥವಾ ಒಟ್ಟು ದೇಣಿಗೆಯ ಶೇ 5, ಇವೆರಡರಲ್ಲಿ ಹೆಚ್ಚಿನದನ್ನು ದಾಟಿದರೆ ದಾಟಿದ ಭಾಗಕ್ಕೆ ಶೇ 30 ತೆರಿಗೆ.

ಕ್ಯೂಆರ್ ಕೋಡ್ ಸಂಸ್ಥೆಯ ಖಾತೆಯದ್ದೇ ಆಗಿರಬೇಕು. ಸದ್ಯಕ್ಕೆ ನನ್ನ ಫೋನ್‌ಪೇಗೆ ಹಾಕಿ, ಆಮೇಲೆ ಸಂಘಕ್ಕೆ ಕಳಿಸುತ್ತೇನೆ ಅನ್ನುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಒಳ್ಳೆಯ ಮನಸ್ಸಿನಿಂದ ಮಾಡಿದರೂ ಆಡಿಟ್‌ನಲ್ಲಿ ಅದಕ್ಕೆ ವಿವರಣೆ ಕೊಡುವುದು ತುಂಬಾ ಕಷ್ಟ.

ಖರ್ಚಿಗೆ ಓಚರ್. ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಅದು ಸೇವಾ ಉದ್ದೇಶಕ್ಕೆ ಖರ್ಚಾಯಿತು ಅಂತ ತೆರಿಗೆ ಲೆಕ್ಕದಲ್ಲಿ ಪರಿಗಣನೆಗೆ ಬರುವುದಿಲ್ಲ. ಸಂತೆಯಲ್ಲಿ ತರಕಾರಿ ಕೊಂಡರೆ, ಆಟೋದಲ್ಲಿ ಸಾಮಾನು ಸಾಗಿಸಿದರೆ ಬಿಲ್ಲು ಎಲ್ಲಿ ಸಿಗುತ್ತದೆ? ಅಂಥದ್ದಕ್ಕೆ ಸ್ವಂತ ಓಚರ್ ಬರೆದು, ದುಡ್ಡು ತೆಗೆದುಕೊಂಡವರ ಸಹಿ, ಫೋನ್ ನಂಬರ್ ಹಾಕಿಸಿ. ಓಚರಿನ ಮೂಲೆಯಲ್ಲಿ ಇನ್ನೊಂದು ಸಾಲು ಕಡ್ಡಾಯ: ಈ ಖರ್ಚು ಯಾವ ದುಡ್ಡಿನಿಂದ. ಮುಂದೆ ಹೇಳುವುದೆಲ್ಲ ಈ ಸಾಲಿನ ಮೇಲೇ ನಿಂತಿದೆ.

ತಿಂಗಳು ಮುಗಿದ ಮೇಲೆ ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟುಕೊಂಡು ಪುಸ್ತಕದ ಜೊತೆ ತಾಳೆ ನೋಡಿ. ದುಡ್ಡು ಮುಟ್ಟುವವರೇ ತಾಳೆ ನೋಡಬಾರದು, ಸಮಿತಿಯ ಇನ್ನೊಬ್ಬರು ನೋಡಿ ಸಹಿ ಹಾಕಲಿ.

ಒಂದು ಖಾತೆ, ಮೂರು ಕಾಲಂ

ನಗದು ಪುಸ್ತಕದಲ್ಲಿ ಮೂರು ಕಾಲಂ ಮಾಡಿ. ಮೊದಲನೆಯದು ಯೋಜನೆ ಹಣ. ದಾನಿ ಇಂಥದ್ದಕ್ಕೇ ಅಂತ ಕೊಟ್ಟದ್ದು, ಉಳಿದರೆ ಕೇಳಿ ಬಳಸಬೇಕು, ಇಲ್ಲವೇ ವಾಪಸ್ ಕೊಡಬೇಕು. ಎರಡನೆಯದು ಸ್ವಂತ ಹಣ. ಸದಸ್ಯರ ಚಂದಾ, ಷರತ್ತಿಲ್ಲದ ದೇಣಿಗೆ, ಬ್ಯಾಂಕ್ ಬಡ್ಡಿ ಇದರಲ್ಲಿ ಬರುತ್ತವೆ. ಮೂರನೆಯದು ಇಡುಗಂಟು. ಇದನ್ನು ಮುಟ್ಟದೆ ಇಡಿ, ಬಡ್ಡಿ ಮಾತ್ರ ಬಳಸಿ ಅಂತ ದಾನಿ ಕೊಟ್ಟದ್ದು. ಇಡುಗಂಟು ಅಂತ ಹೇಳಬೇಕಾದವರು ದಾನಿ, ಅದೂ ಬರವಣಿಗೆಯಲ್ಲಿ. ನೀವಾಗಿಯೇ ವರ್ಷದ ಕೊನೆಗೆ ಉಳಿದದ್ದನ್ನು ಇಡುಗಂಟು ಅಂತ ತೋರಿಸುವ ಹಾಗಿಲ್ಲ. ದಾನಿ ಕೊಟ್ಟ ಇಡುಗಂಟನ್ನು ಕಾಯ್ದೆ ಒಪ್ಪಿದ ಕಡೆ, ಅಂದರೆ ಬ್ಯಾಂಕ್ ಠೇವಣಿ, ಅಂಚೆ ಕಚೇರಿ ಇಂಥ ಕಡೆ ಬೇರೆಯಾಗಿಯೇ ಇಡಬೇಕು.

ಪ್ರತಿ ತಿಂಗಳ ಸಭೆಯಲ್ಲಿ ಖಜಾಂಚಿ ಒಟ್ಟು ಬ್ಯಾಂಕ್ ಶಿಲ್ಕು ಓದಬಾರದು. ಮೂರು ಕಾಲಂ ಶಿಲ್ಕನ್ನೂ ಬೇರೆ ಬೇರೆ ಓದಬೇಕು. ಮೂರು ಲಕ್ಷ ಇದೆ ಅನ್ನುವುದಕ್ಕೂ, ಯೋಜನೆ ಹಣ 2,88,000, ಸ್ವಂತ ಹಣ 12,000 ಅನ್ನುವುದಕ್ಕೂ ಸಭೆಯಲ್ಲಿ ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನುವುದನ್ನು ಒಮ್ಮೆ ಮಾಡಿ ನೋಡಿ.

ತಿಂಗಳ ಲೆಕ್ಕ: ಒಂದು ಉದಾಹರಣೆ

ಬಜೆಟ್ ಎಲ್ಲರೂ ಮಾಡುತ್ತಾರೆ. ವರ್ಷದ ಒಟ್ಟು ಖರ್ಚು ಒಂದು ಕಡೆ, ಒಟ್ಟು ಆದಾಯ ಇನ್ನೊಂದು ಕಡೆ ಬರೆದು ಎರಡೂ ಸಮ ಬಂದರೆ ನಿಶ್ಚಿಂತೆ. ಆದರೆ ತೊಂದರೆ ಬರುವುದು ತಿಂಗಳುಗಳಲ್ಲಿ. ಶಿಡ್ಲಘಟ್ಟ ತಾಲ್ಲೂಕಿನ ನಾಲ್ಕು ಊರುಗಳಲ್ಲಿ ಸಂಜೆ ಕಲಿಕಾ ಕೇಂದ್ರ ನಡೆಸುವ ಒಂದು ಸಂಸ್ಥೆ ಇದೆ ಅಂದುಕೊಳ್ಳಿ.

ನಾಲ್ಕು ಜನ ಶಿಕ್ಷಕಿಯರಿಗೆ ತಲಾ 7,000ದಂತೆ 28,000. ಸಂಯೋಜಕರಿಗೆ 18,000. ಪುಸ್ತಕ, ಪೆನ್ಸಿಲ್, ಬಣ್ಣ, ಹಾಳೆಗೆ 5,000. ಅರ್ಧ ದಿನ ಬಂದು ಲೆಕ್ಕ ಬರೆಯುವವರಿಗೆ 6,000, ಕಚೇರಿ ಬಾಡಿಗೆ 4,000, ಓಡಾಟ, ಫೋನ್, ಕರೆಂಟಿಗೆ 5,000. ತಿಂಗಳಿಗೆ 66,000. ಸೆಪ್ಟೆಂಬರಿನಲ್ಲಿ ಆಡಿಟ್ ಮತ್ತಿತರ ವಾರ್ಷಿಕ ಖರ್ಚು 20,000. ಅಲ್ಲಿಗೆ ವರ್ಷಕ್ಕೆ 8,12,000.

ಒಂದು ಕಂಪನಿಯ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ನಿಧಿಯವರು ಶಿಕ್ಷಕಿಯರು, ಸಂಯೋಜಕರು, ಸಾಮಗ್ರಿ ಇಷ್ಟಕ್ಕೆ ಏಪ್ರಿಲ್‌ನಿಂದ ಲೆಕ್ಕ ಹಿಡಿದು 6,12,000 ಕೊಡಲು ಒಪ್ಪಿದ್ದಾರೆ. ಮೊದಲ ಕಂತು ಶೇ 50, ಅರ್ಧ ವರ್ಷದ ವರದಿ ಕೊಟ್ಟ ಮೇಲೆ ಶೇ 40, ಎಲ್ಲ ಮುಗಿದ ಮೇಲೆ ಶೇ 10. ಉಳಿದ 2,00,000 ಸಂಸ್ಥೆಯೇ ಹೊಂದಿಸಬೇಕು. ತಿಂಗಳಿಗೆ 200 ರೂಪಾಯಿ ಕೊಡುವ 60 ಜನರಿಂದ 12,000 ಬರುತ್ತದೆ, ವರ್ಷಕ್ಕೆ 1,44,000. ಬಾಕಿ 56,000 ಮಾರ್ಚ್‌ನಲ್ಲಿ ತೆರಿಗೆ ವಿನಾಯಿತಿಗಾಗಿ ಕೊಡುವವರಿಂದ. ಕಾಗದದ ಮೇಲೆ ಸರಿಯಾಗಿದೆ, ಅಲ್ವಾ?

ಈಗ ತಿಂಗಳು ತಿಂಗಳು ನೋಡಿ. ಏಪ್ರಿಲ್ 1ಕ್ಕೆ ಕೈಯಲ್ಲಿ 1,50,000. ತಿಂಗಳಿಗೆ 12,000 ಬಂದು 66,000 ಹೋದರೆ 54,000 ಕಡಿಮೆಯಾಗುತ್ತದೆ. ಏಪ್ರಿಲ್ ಕೊನೆಗೆ 96,000, ಮೇ ಕೊನೆಗೆ 42,000. ಒಪ್ಪಂದದ ಸಹಿ, ಕಂಪನಿಯ ಒಳಗಿನ ಅನುಮತಿ ಎಲ್ಲ ಮುಗಿದು ಮೊದಲ ಕಂತು ಬರುವುದು ಜುಲೈಗೆ. ಹಾಗಾಗಿ ಜೂನ್ ಕೊನೆಗೆ 12,000 ಕೊರತೆ. ಶಾಲೆ ಶುರುವಾದ ತಿಂಗಳಲ್ಲೇ ಒಬ್ಬಿಬ್ಬರು ಶಿಕ್ಷಕಿಯರಿಗೆ ಸಂಬಳ ಇಲ್ಲ. ಜುಲೈನಲ್ಲಿ 3,06,000 ಬಂದು ಶಿಲ್ಕು 2,40,000 ಆಗುತ್ತದೆ, ಎಲ್ಲರಿಗೂ ನೆಮ್ಮದಿ. ಆಗಸ್ಟ್ 1,86,000. ಸೆಪ್ಟೆಂಬರ್ 1,12,000. ಅಕ್ಟೋಬರ್ 58,000. ನವೆಂಬರ್ ಕೊನೆಗೆ 4,000. ಎರಡನೇ ಕಂತು ಡಿಸೆಂಬರಿನೊಳಗೆ ಬರದಿದ್ದರೆ 50,000 ಕೊರತೆ.

ಇದನ್ನು ಮಾರ್ಚ್‌ನಲ್ಲೇ ಬರೆದುಕೊಂಡರೆ ಮೂರು ಕೆಲಸ ಮಾಡಬಹುದು. ಮೊದಲ ಕಂತನ್ನು ಏಪ್ರಿಲ್‌ನಲ್ಲೇ ಕೊಡಿ ಅಂತ ಒಪ್ಪಂದಕ್ಕೆ ಮೊದಲೇ ಕೇಳಬಹುದು. ಅರ್ಧ ವರ್ಷದ ವರದಿ, ಬಳಕೆ ಪ್ರಮಾಣಪತ್ರವನ್ನು (ಕೊಟ್ಟ ಹಣ ಅದೇ ಕೆಲಸಕ್ಕೆ ಖರ್ಚಾಯಿತು ಅನ್ನುವ ಪತ್ರ) ಅಕ್ಟೋಬರ್ ಮೊದಲ ವಾರದಲ್ಲೇ ಸಲ್ಲಿಸಬಹುದು. ಮಾರ್ಚ್‌ನಲ್ಲಿ ಕೊಡುವ ಇಬ್ಬರು ದಾನಿಗಳಿಗೆ ಈ ಸಲ ಜೂನ್‌ನಲ್ಲಿ ಕೊಟ್ಟರೆ ತುಂಬಾ ಉಪಕಾರ ಅಂತ ಹೇಳಬಹುದು. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಜೂನ್ 28ಕ್ಕೆ ಫೋನ್ ಮಾಡಿ ಸಾಲ ಕೇಳಿದರೆ ಮಾತ್ರ ಬೇಸರವಾಗುತ್ತದೆ.

ಈ ಕೊರತೆಯನ್ನು ಇನ್ನೊಂದು ಯೋಜನೆಯ ದುಡ್ಡಿನಿಂದ ತುಂಬಿಸುವ ಆಸೆ ಬರುತ್ತದೆ. ಬೇಡ. ಒಂದು ಸಲ ತುಂಬಿಸಿದ ಮೇಲೆ ಆ ಯೋಜನೆಯ ವರದಿ ತಡವಾಗುತ್ತದೆ. ವರದಿ ತಡವಾದರೆ ಕಂತೂ ತಡ. ಅದನ್ನು ತುಂಬಲು ಮೂರನೆಯದಕ್ಕೆ ಕೈ ಹಾಕಬೇಕಾಗುತ್ತದೆ.

ಮಾರ್ಚ್ ತಿಂಗಳು ಮತ್ತು ಶೇ 85

12ಎ ಇರುವ ಸಂಸ್ಥೆ ವರ್ಷದ ಆದಾಯದಲ್ಲಿ ಶೇ 85ರಷ್ಟನ್ನು ತನ್ನ ಉದ್ದೇಶಕ್ಕೆ ಖರ್ಚು ಮಾಡಬೇಕು. ಶೇ 15 ಉಳಿಸಿಕೊಳ್ಳಬಹುದು. ನಮ್ಮ ಉದಾಹರಣೆಯಲ್ಲಿ 8,12,000ಕ್ಕೆ 1,21,800 ಉಳಿಸಬಹುದು. ಮಾರ್ಚ್ 28ಕ್ಕೆ ದೊಡ್ಡ ಕಂತು ಬಂದರೆ ಹೆದರಿ ಬೇಡದ ಕುರ್ಚಿ, ಕಂಪ್ಯೂಟರ್ ಕೊಳ್ಳಲು ಓಡಬೇಡಿ. ಯಾವ ಕೆಲಸಕ್ಕೆ, ಎಷ್ಟು ಸಮಯಕ್ಕೆ ಅಂತ ಸಮಿತಿ ಠರಾವು ಮಾಡಿ ಫಾರಂ 10 ಸಲ್ಲಿಸಿದರೆ ಐದು ವರ್ಷದವರೆಗೆ ಕೂಡಿಡಬಹುದು. ಹಣ ತಡವಾಗಿ ಬಂದದ್ದರಿಂದ ಖರ್ಚಾಗಲಿಲ್ಲ ಅಂದರೆ ಫಾರಂ 9ಎ ಇದೆ. ಎರಡಕ್ಕೂ ಗಡುವು ಇದೆ. ಜುಲೈನಲ್ಲೇ ಆಡಿಟರ್ ಹತ್ತಿರ ಈ ಮಾತು ಎತ್ತಿ.

ಯೋಜನೆಗೆ ಕೇಳುವಾಗ ಪೂರ್ತಿ ಖರ್ಚು ಕೇಳಿ

ನನ್ನ ಮಟ್ಟಿಗೆ ಇಡೀ ಬರಹದಲ್ಲಿ ಮುಖ್ಯವಾದದ್ದು ಇದು.

ನರಸಾಪುರ, ವೇಮಗಲ್, ವಸಂತನರಸಾಪುರದ ಕೈಗಾರಿಕಾ ಪ್ರದೇಶಗಳು ಬೆಳೆದ ಮೇಲೆ ಕೋಲಾರ, ತುಮಕೂರು ಕಡೆ ಸಿಎಸ್‌ಆರ್ ಹಣದ ಮಾತು ಹೆಚ್ಚಾಗಿದೆ. 2013ರ ಕಂಪನಿ ಕಾಯ್ದೆಯ ಸೆಕ್ಷನ್ 135ರ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಇಂಥ ಕೆಲಸಕ್ಕೆ ಖರ್ಚು ಮಾಡಬೇಕು. ಅದನ್ನು ಪಡೆಯಲು 12ಎ, 80ಜಿ ಜೊತೆಗೆ ಸಿಎಸ್‌ಆರ್-1 ನೋಂದಣಿ ಬೇಕು. ಮೂರು ವರ್ಷದ ಕೆಲಸದ ದಾಖಲೆಯನ್ನೂ ಕೇಳುತ್ತಾರೆ.

ಕಷ್ಟ ಎಲ್ಲಿದೆ ಅಂದರೆ, ಯೋಜನೆ ಕೈತಪ್ಪೀತು ಅನ್ನುವ ಭಯಕ್ಕೆ ನಾವು ಕಚೇರಿ ಖರ್ಚನ್ನು ಬಿಟ್ಟು ಕೇಳುತ್ತೇವೆ. ಮೇಲಿನ ಸಂಸ್ಥೆಯನ್ನೇ ನೋಡಿ. ಮೂರನೇ ವರ್ಷದಲ್ಲಿ ಯೋಜನೆ ಹಣ 6,12,000, ಸ್ವಂತ ಹಣ 2,00,000, ಕಚೇರಿ ಖರ್ಚು 2,00,000. ಐದನೇ ವರ್ಷಕ್ಕೆ ಇನ್ನೆರಡು ಯೋಜನೆ ಬಂದು ಯೋಜನೆ ಹಣ 12,90,000 ಆಯಿತು ಅಂದುಕೊಳ್ಳಿ. ಸ್ವಂತ ಹಣ 2,10,000ದಲ್ಲೇ ನಿಂತಿದೆ. ಮೂರು ಯೋಜನೆಯ ಲೆಕ್ಕಕ್ಕೆ ಪೂರ್ತಿ ದಿನದ ಗುಮಾಸ್ತರು ಬೇಕು, ದೊಡ್ಡ ಕೋಣೆ ಬೇಕು, ಓಡಾಟ ಜಾಸ್ತಿ. ಕಚೇರಿ ಖರ್ಚು 3,05,000. ಒಟ್ಟು ವಹಿವಾಟು 15 ಲಕ್ಷ ಅಂತ ವಾರ್ಷಿಕ ಮಹಾಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ. 95,000 ಎಲ್ಲಿಂದ ಬರಬೇಕು ಅಂತ ಯಾರೂ ಕೇಳುವುದಿಲ್ಲ. ಅದು ಬರುವುದು ಕಾರ್ಯದರ್ಶಿಯ ಜೇಬಿನಿಂದ, ಕೊಡದೆ ಉಳಿಸಿಕೊಂಡ ಸಂಬಳದಿಂದ, ಇಲ್ಲವೇ ಯೋಜನೆಯ ದುಡ್ಡಿನಿಂದ.

ಆದ್ದರಿಂದ ಪ್ರಸ್ತಾವನೆ ಬರೆಯುವಾಗ ಒಂದು ಲೆಕ್ಕ ಹಾಕಿ. ಈ ಯೋಜನೆ ನಿಮ್ಮ ಒಟ್ಟು ಸಿಬ್ಬಂದಿಯ ಕೆಲಸದಲ್ಲಿ ಎಷ್ಟು ಪಾಲು ತೆಗೆದುಕೊಳ್ಳುತ್ತದೆ? ಮೂರನೇ ಒಂದು ಭಾಗ ಅಂದರೆ ಬಾಡಿಗೆ, ಲೆಕ್ಕ, ಆಡಿಟ್, ಫೋನ್ ಖರ್ಚಿನಲ್ಲೂ ಮೂರನೇ ಒಂದು ಭಾಗವನ್ನು ಆ ಯೋಜನೆಗೆ ಹಾಕಿ. ಸುಮ್ನೆ ಆಡಳಿತ ವೆಚ್ಚ ಶೇ 10 ಅಂತ ಒಂದು ಸಾಲು ಬರೆದರೆ ಅದನ್ನು ಮೊದಲು ಹೊಡೆದುಹಾಕುತ್ತಾರೆ. ಲೆಕ್ಕ ಬರೆಯುವವರ ಸಂಬಳದ ಪಾಲು 2,500, ಕೇಂದ್ರಗಳ ಭೇಟಿಗೆ ಪೆಟ್ರೋಲ್ 1,800 ಅಂತ ಬಿಡಿಸಿ ಬರೆದರೆ ಕೇಳುವವರಿಗೂ ಅರ್ಥವಾಗುತ್ತದೆ. ಎಷ್ಟು ಕೇಳಿದರೂ ಒಪ್ಪದಿದ್ದರೆ, ಆ ಕೊರತೆ ತುಂಬಲು ನಮ್ಮ ಸ್ವಂತ ಹಣ ಸಾಕಾಗುತ್ತದಾ ಅಂತ ಸಮಿತಿಯಲ್ಲಿ ಕೇಳಿ. ಸಾಲದಿದ್ದರೆ ಆ ಯೋಜನೆ ಬೇಡ ಅನ್ನುವುದೇ ಸರಿ.

ಐದು ವರ್ಷ ಒಂದೇ ಹಾಳೆಯಲ್ಲಿ

ಆಡಿಟ್ ವರದಿಯಲ್ಲಿ ಈ ವರ್ಷ, ಹೋದ ವರ್ಷ ಎರಡೇ ಇರುತ್ತವೆ. ಎರಡು ವರ್ಷ ನೋಡಿದರೆ ದಾರಿ ಯಾವ ಕಡೆ ಅಂತ ಗೊತ್ತಾಗುವುದಿಲ್ಲ. ಒಂದು ಹಾಳೆಯಲ್ಲಿ ಐದು ವರ್ಷವನ್ನು ಅಕ್ಕಪಕ್ಕ ಬರೆದುಕೊಳ್ಳಿ. ಸಾಲುಗಳು ಇಷ್ಟೇ ಇರಲಿ: ಒಟ್ಟು ಆದಾಯ, ಸ್ವಂತ ಹಣ, ಕಚೇರಿ ಖರ್ಚು, ಅತಿ ದೊಡ್ಡ ದಾನಿಯ ಪಾಲು, ಹೋದ ವರ್ಷ ಕೊಟ್ಟವರಲ್ಲಿ ಈ ವರ್ಷವೂ ಕೊಟ್ಟವರು ಎಷ್ಟು, ಕೈಯಲ್ಲಿರುವ ಸ್ವಂತ ಹಣದಲ್ಲಿ ಎಷ್ಟು ತಿಂಗಳು ನಡೆಸಬಹುದು.

ಕಚೇರಿ ಖರ್ಚು ಸ್ವಂತ ಹಣವನ್ನು ದಾಟಿದ ವರ್ಷವನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿ. ಒಬ್ಬರೇ ದಾನಿಯ ಪಾಲು ಅರ್ಧಕ್ಕಿಂತ ಜಾಸ್ತಿ ಇದ್ದರೆ ಅವರು ಮುಂದಿನ ವರ್ಷ ಇರುವುದಿಲ್ಲ ಅಂತಲೇ ಇಟ್ಟುಕೊಂಡು ಇನ್ನೊಂದು ಬಜೆಟ್ ಬರೆದಿಡಿ. ಮಹಾಸಭೆಯಲ್ಲಿ ಈ ಹಾಳೆಯನ್ನು ಎಲ್ಲ ಸದಸ್ಯರಿಗೂ ಹಂಚಿ. ಆಡಿಟ್ ವರದಿ ಓದಲು ಬಾರದವರೂ ಇದನ್ನು ಓದಬಲ್ಲರು.

ಸಿಬ್ಬಂದಿ ಸಂಖ್ಯೆಯನ್ನೂ ಒಂದು ಸಾಲಿನಲ್ಲಿ ಬರೆಯಿರಿ. 10 ಜನ ಆದರೆ ಇಎಸ್‌ಐ ಮತ್ತು ಗ್ರಾಚ್ಯುಟಿ, 20 ಆದರೆ ಪಿಎಫ್ ಹೊಣೆ ಬರುತ್ತದೆ. ಗ್ರಾಚ್ಯುಟಿ ಅಂದರೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳ. ವರ್ಷ ವರ್ಷ ತೆಗೆದಿಡದಿದ್ದರೆ ಹತ್ತು ವರ್ಷ ದುಡಿದ ಅಕ್ಕ ಬಿಟ್ಟು ಹೋಗುವ ದಿನ ಬರಿಗೈಯಲ್ಲಿ ಕಳಿಸಬೇಕಾಗುತ್ತದೆ.

ಸ್ವಂತ ಹಣ ಬೆಳೆಸುವುದು

ದೊಡ್ಡವರ ಹಿಂದೆ ಓಡುವ ಸಮಯದಲ್ಲಿ ಅರ್ಧವನ್ನು 200 ರೂಪಾಯಿ ಕೊಡುವವರಿಗೆ ಕೊಡಿ. 60 ಇರುವ ಕಡೆ 80 ಜನ ಆದರೆ ವರ್ಷಕ್ಕೆ 48,000 ಜಾಸ್ತಿ. ಅಷ್ಟನ್ನೂ ಮುಟ್ಟದೆ ಇಟ್ಟರೆ ನಾಲ್ಕು ವರ್ಷಕ್ಕೆ 1,92,000. ಬಡ್ಡಿ ಸೇರಿದರೆ ಮೂರು ತಿಂಗಳ ಪೂರ್ತಿ ಖರ್ಚು ಕೈಯಲ್ಲಿರುತ್ತದೆ. ಜೂನ್ ಕೊರತೆ ಆಮೇಲೆ ಬರುವುದೇ ಇಲ್ಲ. ಈ ಹಣವನ್ನು ಸಂಸ್ಥೆಯ ಹೆಸರಿನಲ್ಲಿ ಠೇವಣಿ ಇಡಿ. ಮುರಿಯಲು ಸಮಿತಿಯ ಠರಾವು ಬೇಕು, ಮುರಿದದ್ದನ್ನು ಇಷ್ಟು ತಿಂಗಳಲ್ಲಿ ತುಂಬಬೇಕು ಅಂತ ನಡಾವಳಿಯಲ್ಲಿ ಬರೆಯಿರಿ.

ಯಾವಾಗ ಕೇಳಬೇಕು ಅನ್ನುವುದೂ ಮುಖ್ಯ. ರೇಷ್ಮೆ ಬೆಳೆಯುವವರ ಕೈಯಲ್ಲಿ ಗೂಡು ಮಾರಿದ ವಾರ ದುಡ್ಡು ಇರುತ್ತದೆ. ಶ್ರೀನಿವಾಸಪುರದ ಕಡೆ ಮಾವಿನ ಸುಗ್ಗಿಯಲ್ಲಿ. ಹಾಲು ಹಾಕುವ ಮನೆಗಳಲ್ಲಿ ಬಟವಾಡೆ ಆದ ದಿನ. ಬೆಂಗಳೂರಿಗೆ ಹೋದ ಊರಿನ ಮಕ್ಕಳು ಯುಗಾದಿಗೆ, ಊರ ಜಾತ್ರೆಗೆ ಬರುತ್ತಾರೆ. ನಂದಿಯ ಶಿವರಾತ್ರಿ ಜಾತ್ರೆಯ ಹೊತ್ತಿಗೆ ಆ ಸುತ್ತಿನ ಹಳ್ಳಿಗಳಲ್ಲಿ ಎಷ್ಟು ಜನ ಊರಿಗೆ ಬಂದಿರುತ್ತಾರೆ ನೋಡಿ. ಆಗ ಅವರನ್ನು ಕೇಂದ್ರಕ್ಕೆ ಕರೆದು ಮಕ್ಕಳ ಓದು ತೋರಿಸಿ, ತಿಂಗಳಿಗೆ ಇಷ್ಟು ಅಂತ ಕೇಳಿ.

ಕೆಲವರು ದುಡ್ಡಿನ ಬದಲು ರಾಗಿ, ಅಕ್ಕಿ, ತೆಂಗಿನಕಾಯಿ ಕೊಡುತ್ತಾರೆ. ಸಂತೋಷದಿಂದ ತೆಗೆದುಕೊಳ್ಳಿ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳ ಅನ್ನ ದಾಸೋಹ ಇಷ್ಟು ದಶಕ ನಡೆದು ಬಂದಿರುವುದರಲ್ಲಿ ರೈತರು ಕೊಟ್ಟ ದವಸದ ಪಾಲು ದೊಡ್ಡದು. ಬಂದದ್ದನ್ನು ದಾಸ್ತಾನು ಪುಸ್ತಕದಲ್ಲಿ ತೂಕದ ಸಮೇತ ಬರೆದು ರಸೀದಿ ಕೊಡಿ. ಆದರೆ ಅದಕ್ಕೆ 80ಜಿ ಸಿಗುವುದಿಲ್ಲ, ಹಣಕ್ಕೆ ಮಾತ್ರ.

ವರ್ಷದ ದಿನಾಂಕಗಳು

ಪ್ರತಿ ತಿಂಗಳು 7ರೊಳಗೆ ಹಿಂದಿನ ತಿಂಗಳು ಹಿಡಿದ ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ) ಕಟ್ಟಬೇಕು. ಮಾರ್ಚ್‌ನದ್ದಕ್ಕೆ ಮಾತ್ರ ಏಪ್ರಿಲ್ 30. ವೃತ್ತಿಪರ ಶುಲ್ಕ ಒಬ್ಬರಿಗೆ ವರ್ಷಕ್ಕೆ 50,000 ದಾಟಿದರೆ ಶೇ 10 ಹಿಡಿಯಬೇಕು. ಮೇ 31ಕ್ಕೆ ದಾನಿಗಳ ವಿವರ, ಫಾರಂ 10ಬಿಡಿ. ತಡವಾದರೆ ದಿನಕ್ಕೆ 200 ರೂಪಾಯಿ. ಇದನ್ನು ಸಲ್ಲಿಸಿದ ಮೇಲೆ ಬರುವ ಪ್ರಮಾಣಪತ್ರವನ್ನು ದಾನಿಗಳಿಗೆ ಕಳಿಸಿದರೆ ಮಾತ್ರ ಅವರಿಗೆ ವಿನಾಯಿತಿ. ಆದಾಯವು ತೆರಿಗೆ ಇಲ್ಲದ ಮಿತಿಯನ್ನು ದಾಟಿದ್ದರೆ ಸೆಪ್ಟೆಂಬರ್ 30ರೊಳಗೆ ಆಡಿಟ್ ವರದಿ, ಅಕ್ಟೋಬರ್ 31ರೊಳಗೆ ತೆರಿಗೆ ರಿಟರ್ನ್ ಐಟಿಆರ್-7. ಮಹಾಸಭೆ ಆದ 14 ದಿನದೊಳಗೆ ಸಮಿತಿಯ ಪಟ್ಟಿ ಮತ್ತು ಲೆಕ್ಕಪತ್ರ ಜಿಲ್ಲೆಯ ಸಂಘಗಳ ನೋಂದಣಾಧಿಕಾರಿಗೆ. ಇದನ್ನು ಬಿಟ್ಟವರೇ ಹೆಚ್ಚು, ಐದಾರು ವರ್ಷದ ಬಾಕಿಯನ್ನು ಒಟ್ಟಿಗೆ ಸರಿ ಮಾಡಿಸಲು ಆಮೇಲೆ ಅಲೆಯಬೇಕು.

ವಿದೇಶದಿಂದ ಹಣ ಬರುವುದಾದರೆ 2010ರ ಎಫ್‌ಸಿಆರ್‌ಎ ಕಾಯ್ದೆ ಇದೆ. ನೋಂದಣಿಗೆ ಮೂರು ವರ್ಷದ ಕೆಲಸ, ಆ ಮೂರು ವರ್ಷದಲ್ಲಿ 15 ಲಕ್ಷ ಖರ್ಚು ಆಗಿರಬೇಕು. ಅಮೆರಿಕದಲ್ಲಿರುವ ಊರಿನ ಹುಡುಗ ಡಾಲರ್ ಕಳಿಸುತ್ತೇನೆ ಅಂದರೆ, ಅವನ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಮೊದಲು ಕೇಳಿ. ಭಾರತದ್ದಾಗಿದ್ದು, ಅವನ ಸ್ವಂತ ದುಡಿಮೆಯನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ ನೋಂದಣಿ ಇಲ್ಲದೆ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಬೇಡಿ.

ಖಜಾಂಚಿ ಬದಲಾಗುವಾಗ

ಹತ್ತು ವರ್ಷದಲ್ಲಿ ಮೂರು ನಾಲ್ಕು ಖಜಾಂಚಿಗಳು ಬಂದು ಹೋಗುತ್ತಾರೆ. ಲೆಕ್ಕದ ಪುಸ್ತಕ, ಓಚರುಗಳನ್ನು ಕಾಯ್ದೆಯ ಪ್ರಕಾರವೂ ಹತ್ತು ವರ್ಷ ಇಡಬೇಕು. ಅವು ಯಾರ ಮನೆಯ ಅಟ್ಟದಲ್ಲೂ ಇರಬಾರದು, ಕಚೇರಿಯ ಬೀರುವಿನಲ್ಲಿ ವರ್ಷವಾರು ಕಟ್ಟಿಟ್ಟಿರಬೇಕು. ಹೊಸಬರು ಬಂದ ದಿನ ಮೂರೂ ಕಾಲಂ ಶಿಲ್ಕು ಬರೆದು ಇಬ್ಬರೂ ಸಹಿ ಹಾಕಿ. ಬಳಸದೆ ಉಳಿದ ಚೆಕ್ ಹಾಳೆ, ರಸೀದಿ ಪುಸ್ತಕಗಳ ನಂಬರು, ಠೇವಣಿ ಪತ್ರ, ಪ್ಯಾನ್, ಟ್ಯಾನ್ (ಟಿಡಿಎಸ್ ಕಟ್ಟಲು ಬೇಕಾದ ನಂಬರ್), 12ಎ, 80ಜಿ ಮೂಲ ಪ್ರತಿ, ಡಿಜಿಟಲ್ ಸಹಿಯ ಪೆನ್‌ಡ್ರೈವ್ ಎಲ್ಲವನ್ನೂ ಪಟ್ಟಿ ಮಾಡಿ ಒಪ್ಪಿಸಿ.

ಕೊನೆಗೆ ಫೋನ್ ನಂಬರ್ ಮತ್ತು ಇಮೇಲ್. ತೆರಿಗೆ ಪೋರ್ಟಲ್, ಬ್ಯಾಂಕ್, ಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ನೀತಿ ಆಯೋಗದ ದರ್ಪಣ್ ಪೋರ್ಟಲ್, ಎಲ್ಲದಕ್ಕೂ ಒಟಿಪಿ ಹೋಗುವುದು ಸ್ಥಾಪಕರ ಸ್ವಂತ ನಂಬರಿಗೆ ಅಂತ ಇದ್ದರೆ ಅವರು ಊರು ಬಿಟ್ಟ ದಿನ ಸಂಸ್ಥೆಯ ಕೆಲಸ ನಿಂತುಹೋಗುತ್ತದೆ. ಸಂಸ್ಥೆಯ ಹೆಸರಿನಲ್ಲೇ ಒಂದು ಸಿಮ್, ಒಂದು ಇಮೇಲ್ ಮಾಡಿಸಿ, ಎಲ್ಲ ಕಡೆ ಅದನ್ನೇ ಹಾಕಿ. ಹಳೆಯ ಖಜಾಂಚಿ ಇನ್ನೂ ಸಮಿತಿಯಲ್ಲಿ ಇರುವಾಗಲೇ ಬ್ಯಾಂಕಿನಲ್ಲಿ ಸಹಿ ಬದಲಾವಣೆ ಮುಗಿಸಿ. ಅದಕ್ಕೆ ಠರಾವಿನ ಪ್ರತಿ, ಹೊಸ ಸಮಿತಿಯ ಪಟ್ಟಿ, ಹೊಸಬರ ಆಧಾರ್ ಮತ್ತು ಪ್ಯಾನ್ ಜೊತೆಗೆ ಹಳಬರ ಸಹಿಯನ್ನೂ ಕೇಳುವುದುಂಟು.